ಎರಡನೇ ಪಂಪಿನ ಬೇರಿಂಗ್

ಅಡುಗೆಮನೆಯ ಬಾಗಿಲು ತಳ್ಳಿದಾಗ ಆಸ್ಟಾಳಿಗೆ ಮೊದಲು ಕಂಡದ್ದು ಅಪ್ಪನ ಕುತ್ತಿಗೆಗೆ ಸುತ್ತಿದ್ದ ಉಣ್ಣೆಯ ಶಾಲು. ಮನೆಯೊಳಗೆ, ಮೇಜಿನ ಮುಂದೆ ಕೂತು, ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಮನುಷ್ಯನ ಕುತ್ತಿಗೆಯಲ್ಲಿ ಶಾಲು. ಬೆಣ್ಣೆ ಗಟ್ಟಿಯಾಗಿ ಬ್ರೆಡ್ಡನ್ನೇ ಕಿತ್ತುಕೊಂಡು ಬರುತ್ತಿತ್ತು. ಅಪ್ಪ ಚಾಕುವನ್ನು ಕಾಫಿಯ ಬಟ್ಟಲಿಗೆ ಒತ್ತಿ ಬಿಸಿ ಮಾಡಿ ಮತ್ತೆ ಹಚ್ಚುತ್ತಿದ್ದ. ಅವಳು ತಂದಿದ್ದ ಹಾಲನ್ನೂ ಕೆನೆ ಬನ್ನುಗಳನ್ನೂ ಕಟ್ಟೆಯ ಮೇಲಿಟ್ಟು, ಏನೋ ಹುಡುಕುವವಳಂತೆ ನಡುಮನೆಗೆ ಹೋದಳು. ಅಲ್ಲಿ ನೆಲಮಾಳಿಗೆಯ ಚಳಿಯಿತ್ತು. ಸೋಫಾದ ಬಟ್ಟೆ ಮುಟ್ಟಿದರೆ ಒದ್ದೆಯೇನೋ ಅನ್ನಿಸುವಷ್ಟು ತಣ್ಣಗಿತ್ತು. ಮಲಗುವ ಕೋಣೆಯಲ್ಲೂ, ಅಮ್ಮನ ಹೊಲಿಗೆ ಕೋಣೆಯಲ್ಲೂ ಹಾಗೆಯೇ. ಎಲ್ಲ ರೇಡಿಯೇಟರುಗಳನ್ನೂ ಪೂರ್ತಿ ತಿರುಗಿಸಿ ಮುಚ್ಚಲಾಗಿತ್ತು. ಅಡುಗೆಮನೆಯದೊಂದು ಮಾತ್ರ ಮುಟ್ಟಿದರೆ ಸುಡುತ್ತಿತ್ತು.

"ಇದೇನಪ್ಪ ಇದು? ಒಂದನ್ನೇ ಪೂರ್ತಿ ತೆಗೆದಿಟ್ಟು ಬಾಕಿ ಎಲ್ಲ ಮುಚ್ಚಿದ್ದೀಯಲ್ಲ!"

"ಒಬ್ಬ ಮುದುಕನಿಗೆ ಎಷ್ಟು ಕೋಣೆ ಬೇಕೇ?"

"ನೀರು ಬಿಸಿಬಿಸಿಯಾಗೇ ವಾಪಸ್ ಹೋಗುತ್ತೆ. ದಂಡ ಹಾಕ್ತಾರೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆಗೀಬೇಕು ಅಂತ ಊರಿಗೆಲ್ಲ ಹೇಳಿಕೊಟ್ಟೋನು ಯಾರು?"

ಅಪ್ಪ ಚಾಕುವಿನ ತುದಿಯಿಂದ ಒಂದು ಲಕೋಟೆಯನ್ನು ಅವಳತ್ತ ನೂಕಿದ. "ಹಾಕಿದ್ದಾರೆ. ಕೆಳಗೆ ಸಹಿ ನೋಡು, ಸ್ವೆನ್ನಿಂಗ್. ಮೂವತ್ತು ವರ್ಷ ನನ್ನ ಜೊತೆ ಒಂದೇ ಗುಂಡೀಲಿ ನಿಂತು ಅಗೆದೋನು. 'ಪ್ರಿಯ ಗ್ರಾಹಕರೇ' ಅಂತ ಬರೆದಿದ್ದಾನೆ ಕತ್ತೆ."

ಅವನು ನಕ್ಕ, ಆದರೆ ಕಣ್ಣು ಕಾಗದದ ಮೇಲೆಯೇ ಇತ್ತು. ಎಂಬತ್ತೊಂದು ವರ್ಷದ ಎಗೋನ್, ಈ ಊರಿನ ಪ್ರತಿ ಬೀದಿಯ ಕೆಳಗೂ ಬಿಸಿನೀರಿನ ಕೊಳವೆ ಹೂತವನು, ತನ್ನ ಮನೆಯ ನೀರನ್ನು ಸರಿಯಾಗಿ ತಣಿಸದೆ ವಾಪಸು ಕಳಿಸಿದ್ದಕ್ಕೆ ದಂಡ ತೆರಬೇಕಾಗಿತ್ತು. ಮಾರ್ಚಿನಿಂದ ಬಿಸಿನೀರಿನ ದರ ಏರುತ್ತದೆ ಎಂದು ಜನವರಿಯಲ್ಲಿ, ಮನೆಗಳಿಗೆ ಬಿಸಿನೀರು ಹಂಚುವ ಊರಿನ ಸಂಘದ ಕಾಗದ ಬಂದಿತ್ತು. ಅದನ್ನೋದಿದ ಸಂಜೆಯೇ ಅಪ್ಪ ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ರೇಡಿಯೇಟರನ್ನು ತಿರುಗಿಸಿರಬೇಕು. ಅವಳು ಹೊಲಿಗೆ ಕೋಣೆಯದನ್ನು ಎರಡು ಗೆರೆಯಷ್ಟು ತೆರೆದಳು. ಕೊಳವೆಯಲ್ಲಿ ನೀರು ಸುಯ್ ಎಂದಿತು.

"ನಿಮ್ಮ ಪ್ಲಾಂಟಿನೋರು ಎಣ್ಣೆ ಸುಡ್ತಿದ್ದಾರೆ ಈಗಲೂ," ಎಂದ ಅಪ್ಪ. " ನಾನು ಮೆಟ್ಟಿಲ ಮೇಲೆ ನಿಂತರೆ ಕಾಣುತ್ತೆ, ಕರೀ ಹೊಗೆ. ಅಂಗಳದಲ್ಲಿ ಮರದ ಚೂರು ಗುಡ್ಡ ಬಿದ್ದಿದೆ, ಇವರು ಎಣ್ಣೆ ಸುಡ್ತಾ ಕೂತಿದ್ದಾರೆ. ಆ ಬೇರಿಂಗ್ ಇನ್ನೂ ಸರಿಹೋಗಿಲ್ವೇನೇ?"

"ನೋಡ್ತಿದ್ದಾರಪ್ಪ."

"ಎಷ್ಟನೇ ಪಂಪು?"

"ಎರಡನೇದು," ಎಂದಳು. ಕರೆಂಟಿನ ಮಾರುಕಟ್ಟೆಗೆ ಕಂಪನಿ ಕಳಿಸುವ ಪ್ರಕಟಣೆಯಲ್ಲಿ ಅವಳೇ ಹಾಗೆ ಬರೆದಿದ್ದಳು.

"ಅದಕ್ಕೆ ಹೋದ ವರ್ಷವೇ ಹೊಸ ಬೇರಿಂಗ್ ಹಾಕಿದ್ರಂತೆ, ಸ್ವೆನ್ನಿಂಗ್ ಹೇಳ್ತಿದ್ದ." ಅಪ್ಪ ಬ್ರೆಡ್ಡು ಕಚ್ಚಿ ಯೋಚಿಸುತ್ತ ಅಗಿದ. "ಕಳಪೆ ಮಾಲು ಕೊಟ್ಟು ಮೋಸ ಮಾಡಿದ್ದಾರೆ ನಿಮಗೆ."

ನಿಮಗೆ ಮೋಸ ಮಾಡಿದ್ದಾರೆ. ಸೈಕಲ್ಲು ತುಳಿಯುತ್ತ ಅವಳು ಆ ಮಾತನ್ನೇ ಬಾಯೊಳಗೆ ಹೊರಳಿಸಿದಳು. ಐದು ದಿನದಿಂದ ಗಾಳಿಯೇ ಇರಲಿಲ್ಲ. ಫ್ಯೋರ್ಡ್ ಎಂಬ ಕಡಲಚಾಚಿನ ಆಚೆ ದಡದ ಗಾಳಿಯಂತ್ರಗಳು ಮೂರು ಮೂರು ರೆಕ್ಕೆ ಚಾಚಿ ನಿಂತಲ್ಲೇ ನಿಂತಿದ್ದವು. ದಡದಂಚಿನ ನೀರು ಹೆಪ್ಪುಗಟ್ಟಿ, ಅದರ ಮೇಲೆ ಬಾತುಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಓಡಾಡುತ್ತಿದ್ದವು. ಇಂಥ ದಿನಗಳಿಗಾಗಿಯೇ ಅವಳ ಮೇಲಧಿಕಾರಿ ಟೋರ್ಕಿಲ್ ಕಾಯುತ್ತಿರುತ್ತಾನೆ. ಬೀದಿಯ ಎರಡೂ ಬದಿ ಕೆಂಪು ಇಟ್ಟಿಗೆಯ ತಗ್ಗು ಮನೆಗಳು, ಅವುಗಳ ಹೊಗೆಗೂಡು ಕಡಿದು ಹೆಂಚು ಮುಚ್ಚಿದ ಜಾಗ ಇವತ್ತಿಗೂ ಬೇರೆ ಬಣ್ಣವಾಗಿಯೇ ಕಾಣುತ್ತದೆ. ಅವಳು ಚಿಕ್ಕವಳಿದ್ದಾಗ, ಎಲ್ಲರೂ ಕೊಳವೆಗೆ ಸೇರಿ ಎಂದು ಅಪ್ಪ ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದರೆ ಅವನ ಕೋಟಿನ ಜೇಬು ಹಿಡಿದುಕೊಂಡಿರುತ್ತಿದ್ದಳು, ಜೇಬಿನಲ್ಲಿ ಅಳತೆಪಟ್ಟಿ, ಪೆನ್ಸಿಲ್ಲು, ಅವಳಿಗೆಂದು ಲಿಕೊರೈಸ್ ಮಿಠಾಯಿ. ಮೂಲೆಮನೆಯ ವಿಧವೆಯೊಬ್ಬಳು ತನ್ನ ಎಣ್ಣೆ ಒಲೆಯನ್ನು ಗಂಡಸರು ಹೊತ್ತು ಹೊರಗೆ ಹಾಕುವಾಗ ಬಾಗಿಲಲ್ಲೇ ನಿಂತು, ಇನ್ನು ಮೇಲೆ ನಾನು ಯಾರ ಕೈಯಲ್ಲಿದ್ದೀನಿ ಎಗೋನ್, ಅಂತ ಕೇಳಿದ್ದಳು. ನಮ್ಮ ಕೈಯಲ್ಲೇ, ಅಂದಿದ್ದ ಅಪ್ಪ. ನಮ್ಮ ಎಂದಾಗ ಆ ಹೆಂಗಸನ್ನೂ ಸೇರಿಸಿ ಬೀದಿಯ ಆ ತುದಿಯಿಂದ ಈ ತುದಿಗೆ ಕೈ ಬೀಸಿದ್ದ. ಆಮೇಲೆ ಕೊಳವೆಗೆ ಸೇರಲೇಬೇಕೆಂಬ ನಿಯಮವೂ ಬಂತು. ಕೊಳವೆ ಸಂಘದ್ದು, ಆದರೆ ಕೊಳವೆಗೆ ಬಿಸಿನೀರು ಕೊಡುವ ಸ್ಥಾವರವನ್ನು ಮುನಿಸಿಪಾಲಿಟಿ ಹನ್ನೊಂದು ವರ್ಷದ ಹಿಂದೆ ಮಾರಿತು, ಕೊಂಡ ಕಂಪನಿಯಲ್ಲಿ ಆಸ್ಟಾಳಿಗೆ ಮೇಜು ಸಿಕ್ಕಿತು. ಮಗಳು ಪ್ಲಾಂಟಿನಲ್ಲಿದ್ದಾಳೆ ಎಂದು ಅಪ್ಪ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರಿಗೂ ಹೇಳಿದ, ಹಿಂದೆ ನಿಂತವರಿಗೂ ಹೇಳಿದ.

ಕಂಟ್ರೋಲ್ ರೂಮಿನ ಗಾಜಿನ ಆಚೆ ಇಬ್ಬರು ಕಾಫಿ ಕುಡಿಯುತ್ತ ಕೂತಿದ್ದರು. ಮರದ ಚೂರಿನ ಬಾಯ್ಲರು ತಣ್ಣಗಿರುವಾಗ ಅವರಿಗೆ ನೋಡಲು ಏನೂ ಇರುವುದಿಲ್ಲ. ಅವಳು ಹಾದುಹೋಗುವಾಗ ಒಬ್ಬ ಬಾಗಿಲು ಸ್ವಲ್ಪ ಸರಿಸಿದ.

"ಆಸ್ಟಾ, ನಮ್ಮ ಪಂಪಿಗೆ ಜ್ವರ ಇಳೀತಾ?"

ಇನ್ನೊಬ್ಬ ಬಟ್ಟಲಿನೊಳಗೇ ನಕ್ಕ. ನಿನ್ನೆ ಅವನು, ವೈದ್ಯರು ಬಂದು ನೋಡಿದ್ರಾ, ಎಂದು ಕೇಳಿದ್ದ. ಅವಳೂ ನಕ್ಕಳು; ನಗದಿದ್ದರೆ ಅದಕ್ಕೊಂದು ಅರ್ಥ ಬಂದುಬಿಡುತ್ತದೆ. ಮಂಗಳವಾರ ಬೆಳಿಗ್ಗೆ ಎರಡನೇ ಪಂಪು ನಿಜವಾಗಿಯೂ ಸ್ವಲ್ಪ ನಡುಗಿತ್ತು. ಒಂದು ಗಂಟೆ ನಡುಗಿ ತಾನಾಗಿಯೇ ಸುಮ್ಮನಾಗಿತ್ತು. ಆ ಒಂದು ಗಂಟೆಯ ಗೆರೆಯನ್ನು ಟೋರ್ಕಿಲ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ್ದ. ನಡುಗಿತು ತಾನೇ? ನಡುಗಿದ್ದನ್ನ ಬರಿ, ಅಷ್ಟೇ. ಅವಳು ಬರೆದಳು: ಬಾಯ್ಲರಿಗೆ ನೀರು ಕೊಡುವ ಎರಡನೇ ಪಂಪು, ಬೇರಿಂಗಿನಲ್ಲಿ ಕಂಪನ, ಸ್ಥಾವರ ಲಭ್ಯವಿಲ್ಲ. ಅವತ್ತು ಅದು ಸುಳ್ಳಾಗಿರಲಿಲ್ಲ. ಬುಧವಾರ ಅದೇ ವಾಕ್ಯವನ್ನು ನಕಲು ಮಾಡಿ ಅಂಟಿಸುವಾಗ ಒಂದಕ್ಷರವೂ ಬದಲಾಗಿರಲಿಲ್ಲ, ಆದರೂ ಅದು ಸುಳ್ಳಾಗಿತ್ತು. ಇವತ್ತು ಗುರುವಾರ. ಪ್ರಕಟಣೆಯ ಕೆಳಗೆ ಕಂಪನಿಯ ಹೆಸರಿರುತ್ತದೆ, ಕಳಿಸಿದವರು ಎಂಬ ಸಾಲಿನಲ್ಲಿ ಅವಳ ಹೆಸರು.

ದಿನವೂ ಮಧ್ಯಾಹ್ನ ಹನ್ನೆರಡರೊಳಗೆ ನಾಳೆಯ ವಿದ್ಯುತ್ತಿನ ಹರಾಜಿಗೆ ಬೆಲೆ ಕಳಿಸಬೇಕು. ನಾಳೆಯ ಒಂದೊಂದು ಗಂಟೆಗೂ, ಈ ಸ್ಥಾವರ ಇಷ್ಟು ಕರೆಂಟು ಕೊಡುತ್ತದೆ, ಇಷ್ಟಕ್ಕೆ ಕೊಡುತ್ತದೆ ಎಂದು. ಮೊದಮೊದಲು ಅದು ಅವಳಿಗೆ ಬುತ್ತಿ ಕಟ್ಟುವಷ್ಟು ಸರಳವಾಗಿ ಕಂಡಿತ್ತು. ಮರದ ಚೂರು ಸುಟ್ಟರೆ ಕರೆಂಟೂ ಬರುತ್ತದೆ, ಬಿಸಿನೀರೂ ಬರುತ್ತದೆ. ಕರೆಂಟು ತಂತಿಗೆ, ನೀರು ಮನೆಗಳಿಗೆ. ಒಂದರ ಬೆಂಕಿ ಇನ್ನೊಂದಕ್ಕೆ ಪುಕ್ಕಟೆ. ಆದರೆ ಕಂಪನಿಗೆ ದಕ್ಷಿಣದಲ್ಲಿ ಇನ್ನೂ ಎರಡು ದೊಡ್ಡ ಸ್ಥಾವರಗಳಿವೆ. ಗಾಳಿಯಿಲ್ಲದ ಚಳಿ ದಿನಗಳಲ್ಲಿ ಈ ಸಣ್ಣದೊಂದು ಸುಮ್ಮನಿದ್ದರೆ ಇಡೀ ಪ್ರದೇಶದಲ್ಲಿ ಕರೆಂಟು ಸಾಲದಾಗಿ ಬೆಲೆ ಜಿಗಿಯುತ್ತದೆ, ಇಲ್ಲಿ ಕಳೆದದ್ದರ ಹತ್ತು ಪಟ್ಟು ಅಲ್ಲಿ ಬರುತ್ತದೆ. ಊರಿನ ಬಿಸಿನೀರು? ಅದಕ್ಕೆ ಹಳೆಯ ಎಣ್ಣೆ ಬಾಯ್ಲರು ಇದೆಯಲ್ಲ. ಎಣ್ಣೆಯ ಖರ್ಚು ಬಿಸಿನೀರಿನ ದರಕ್ಕೆ ಸೇರುತ್ತದೆ ಎಂದು ಒಪ್ಪಂದದಲ್ಲೇ ಇದೆ. ಕರೆಂಟು ಕೊಳ್ಳುವವರು ಬೇರೆ ಕಡೆ ಕೊಂಡಾರು. ಆ ಮನೆಗಳು ಎಲ್ಲಿಗೆ ಹೋದಾವು? ಅವಳ ಮನೆಯೂ ಅವುಗಳಲ್ಲೊಂದು. ಮಗಳ ಕೋಣೆಯ ರೇಡಿಯೇಟರಿನ ಮೇಲೆ ಒಣಗಲು ಹಾಕಿದ ಕೈಗವಸುಗಳು ಅವಳಿಗೆ ನೆನಪಾದವು, ಬೆಳಿಗ್ಗೆ ಅವು ಬಿಸಿಯಾಗಿದ್ದವು, ಎಣ್ಣೆಯ ಬಿಸಿ, ತಾನು ಬರೆದ ಬಿಸಿ. ತನಗೇಕೆ ಅಪ್ಪನ ಹಾಗೆ ರೇಡಿಯೇಟರು ಮುಚ್ಚಬೇಕು ಅನ್ನಿಸಲಿಲ್ಲ ಎಂದು ಕೇಳಿಕೊಂಡಳು. ಚಳಿಗಾಲದ ಕೊನೆಗೆ ಟೋರ್ಕಿಲ್ ಕೊಡಿಸುವ ಹೆಚ್ಚುವರಿ ಸಂಬಳದ ಬಗ್ಗೆ ಯೋಚಿಸದೆ ಪರದೆಯತ್ತ ತಿರುಗಿದಳು.

ಹತ್ತೂವರೆಗೆ ಅಪ್ಪನ ಫೋನು ಬಂತು. ಅವನ ದನಿಯಲ್ಲಿ ಅವಳು ವರ್ಷಗಳಿಂದ ಕೇಳದ ಒಂದು ಗಡಿಬಿಡಿಯಿತ್ತು.

"ಹಿಂದೆ ನಮಗೆ ಪಂಪಿನ ಸಾಮಾನು ಕೊಡ್ತಿದ್ದನಲ್ಲ, ಆ ಆಲ್ಬೋರ್ಗಿನ ಹುಡುಗನ ಜೊತೆ ಮಾತಾಡಿದೆ ಕಣೇ. ಹುಡುಗ ಅಂದ್ರೆ ಅವನಿಗೂ ಎಪ್ಪತ್ತಾಯ್ತು, ಬಿಡು. ಅವನ ಮಗನ ಗೋದಾಮಿನಲ್ಲಿ ಅದೇ ಅಳತೇದು ಇದೆ. ಸ್ವೆನ್ನಿಂಗ್ ಕಾರು ತೆಗೆದಿದ್ದಾನೆ, ಈಗಾಗಲೇ ಅರ್ಧ ದಾರೀಲಿದ್ದೀವಿ."

"ಏನಿದೆ? ಯಾವುದರ ಅಳತೆ?"

"ಬೇರಿಂಗು! ಕೋಪನ್‌ಹೇಗನ್ನಿಂದ ತರಿಸೋಕೆ ನಿಮ್ಮೋರು ಮೂರು ವಾರ ಮಾಡ್ತಾರೆ. ಹನ್ನೆರಡರ ಹೊತ್ತಿಗೆ ಗೇಟಿನ ಹತ್ರ ಇರ್ತೀವಿ. ಒಳಗಿನ ಹುಡುಗರಿಗೆ ಹೇಳಿಡು, ಪಂಪಿನ ಮೂತಿ ಬಿಚ್ಚಿಟ್ಟಿರಲಿ."

ಹಿಂದಿನಿಂದ ಸ್ವೆನ್ನಿಂಗನ ದನಿ: "ಕೇಳು ಅವಳನ್ನ, ಒಳಗಿನ ಉಂಗುರ ಹೋಗಿದ್ಯೋ ಹೊರಗಿಂದೋ?"

"ಒಳಗಿಂದಾ ಹೊರಗಿಂದಾ ಅಂತ ಕೇಳ್ತಿದ್ದಾನೆ, ಸಂಘದ ದೊಡ್ಡ ಮನುಷ್ಯ. ದಂಡ ಹಾಕಿದ ಪಾಪಕ್ಕೆ ಪೆಟ್ರೋಲು ಅವನದೇ."

"ಅಪ್ಪ, ಬೇಡ, ವಾಪಸ್ ಬನ್ನಿ. ಹಿಮ ಜಾರತ್ತೆ," ಎಂದಳು. ಎಂದಮೇಲೆ ಅದು ಎಷ್ಟು ಸಣ್ಣ ಮಾತೆಂದು ಗೊತ್ತಾಯಿತು. ಅಪ್ಪ ಆಗಲೇ ಬೇರೇನೋ ಹೇಳುತ್ತಿದ್ದ, ಎಂಬತ್ತಾರರ ಚಳಿಯಲ್ಲಿ ಹಬ್ಬದ ಹಿಂದಿನ ದಿನ ಪಂಪು ನಿಂತದ್ದು, ಹನ್ನೊಂದು ಜನ ಹೇಳದೆ ಕೇಳದೆ ತಂತಮ್ಮ ಸ್ಪ್ಯಾನರು ಹಿಡಿದು ಬಂದದ್ದು. ಫೋನು ಇಟ್ಟ ಮೇಲೂ ಅವಳ ಕಿವಿಯಲ್ಲಿ ಕಾರಿನ ಸದ್ದು ಉಳಿದಿತ್ತು. ಅವಳಿಗೆ ಕೆಳಗಿಳಿದು ಪಂಪನ್ನು ನೋಡಬೇಕೆನಿಸಿತು, ಹೋದಳು. ಎರಡನೇ ಪಂಪು ತನ್ನ ಕಾಂಕ್ರೀಟು ಪೀಠದ ಮೇಲೆ ಹಸಿರು ಬಣ್ಣ ಬಳಿದುಕೊಂಡು ಕೂತಿತ್ತು, ಧೂಳು ಒರೆಸಿ, ಎಣ್ಣೆ ಹಾಕಿ, ಕೈ ಕಟ್ಟಿಕೊಂಡು ಕೂತ ವಿದ್ಯಾರ್ಥಿಯ ಹಾಗೆ. ಒಂದು ಹುಚ್ಚು ಆಲೋಚನೆ ಬಂತು. ಅದರ ಮೂತಿ ಬಿಚ್ಚಿ ಒಳಗೆ ಒಂದು ಹಿಡಿ ಮರಳು ಹಾಕಿಬಿಟ್ಟರೆ? ಆಗ ಎಲ್ಲ ನಿಜವಾಗುತ್ತದೆ. ಅಪ್ಪ ತೋಳು ಮಡಚಿ ಬಗ್ಗುತ್ತಾನೆ, ರಿಪೇರಿ ಮಾಡುತ್ತಾನೆ, ಎಲ್ಲರೂ ಕಾಫಿ ಕುಡಿಯುತ್ತಾರೆ. ಅವಳು ನಿಜಕ್ಕೂ ಸುತ್ತಮುತ್ತ ಮರಳಿಗಾಗಿ ನೋಡಿದಳು. ಮೂಲೆಯಲ್ಲಿ ಹಿಮಕ್ಕೆ ಎರಚುವ ಮರಳಿನ ಬಕೆಟ್ಟು ಇತ್ತು. ಅದನ್ನು ಕಂಡದ್ದೇ ಮುಖ ಬಿಸಿಯಾಗಿ ಮೇಲಕ್ಕೆ ಓಡಿಬಂದಳು.

ಟೋರ್ಕಿಲ್ ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು, ಕೂದಲು ಸದಾ ಒದ್ದೆಯಿದ್ದಂತೆ ಕಾಣುವವನು, ಯಾರ ಹುಟ್ಟುಹಬ್ಬವನ್ನೂ ಮರೆಯದವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಇದುವರೆಗೆ ಒಂದು ಹಿಡಿಕೆಯೂ ಸಿಕ್ಕಿರಲಿಲ್ಲ. ಅವನ ಬಾಗಿಲಲ್ಲಿ ನಿಂತಾಗ ಹನ್ನೊಂದೂಕಾಲು.

"ಇವತ್ತು ನಾನು ಆ ಪ್ರಕಟಣೆ ಬರೆಯಲ್ಲ," ಎಂದಳು.

ಹೇಳಿಬಿಟ್ಟೆ ಅನ್ನಿಸಿತು. ಅವನು ಬೈಯುತ್ತಾನೆ, ಅವಳು ಉತ್ತರ ಕೊಡುತ್ತಾಳೆ, ಉತ್ತರಗಳು ಮೂರು ದಿನದಿಂದ ಸಿದ್ಧವಾಗಿದ್ದವು.

ಅವನು ಕುರ್ಚಿ ತಿರುಗಿಸಿದ. "ಸರಿ. ಕೂತ್ಕೋ ಆಸ್ಟಾ. ಏನಾಯ್ತು?"

"ಪಂಪು ಸರಿಯಾಗಿದೆ. ನಿನಗೂ ಗೊತ್ತು, ನನಗೂ ಗೊತ್ತು. ಕೆಳಗಿನವರು ನನ್ನನ್ನ ನೋಡಿ ನಗ್ತಾರೆ. ಸಂಘದವರು ಬೇರಿಂಗ್ ತಗೊಂಡು ಗೇಟಿಗೆ ಬರ್ತಿದ್ದಾರೆ."

"ಯಾರು ಕಳಿಸಿದ್ರು ಅವರನ್ನ?"

"ಯಾರೂ ಕಳಿಸಿಲ್ಲ. ತಾವಾಗೇ ಬರ್ತಿದ್ದಾರೆ. ಅದರಲ್ಲಿ ಒಬ್ಬ ನಮ್ಮಪ್ಪ."

ಟೋರ್ಕಿಲ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವನು ಮೃದುವಾಗಿ ತಲೆಯಾಡಿಸಿದ. "ಎಂಥ ಒಳ್ಳೆ ಜನ ಅಲ್ವಾ? ನೋಡು, ನೀನು ಹೇಳೋದು ಸರಿ. ಮೂರನೇ ದಿನ ಅದೇ ವಾಕ್ಯ ನನಗೂ ಇಷ್ಟ ಇಲ್ಲ. ಪ್ರಕಟಣೆ ವಾಪಸ್ ತಗೋ. ಪಂಪು ಸರಿಯಾಗಿದೆ, ಸ್ಥಾವರ ಲಭ್ಯವಿದೆ ಅಂತ ಹಾಕು."

ಸಿದ್ಧವಾಗಿದ್ದ ಉತ್ತರಗಳು ಯಾವುದಕ್ಕೂ ಬೇಕಾಗಲಿಲ್ಲ.

"ಬೆಲೆ ಮಾತ್ರ ಸ್ವಲ್ಪ ಮೇಲೆ ಹಾಕು," ಎಂದ ಅವನು, ಚೂರು ಕಾಗದದ ಮೇಲೆ ಒಂದು ಸಂಖ್ಯೆ ಬರೆಯುತ್ತ. "ಮಂಗಳವಾರ ನಡುಗಿದ ಪಂಪು. ತಣ್ಣಗಿರೋ ಬಾಯ್ಲರನ್ನ ಈ ಚಳೀಲಿ ಎಬ್ಬಿಸೋದು ಅಂದ್ರೆ ರಿಸ್ಕು. ರಿಸ್ಕಿಗೆ ಬೆಲೆ ಇರತ್ತೆ. ನಮ್ಮ ವಕೀಲರು ನೋಡಿದ್ದಾರೆ, ಸಮರ್ಥನೆಯ ಕಾಗದ ಫೈಲಿನಲ್ಲಿದೆ. ಕೊಂಡರೆ ಓಡಿಸೋಣ. ಸುಳ್ಳು ಎಲ್ಲಿದೆ ಇದರಲ್ಲಿ?"

ಅವಳು ಸಂಖ್ಯೆ ನೋಡಿದಳು. ಮರದ ಚೂರಿನ ಖರ್ಚಿನ ಒಂಬತ್ತು ಪಟ್ಟು. ಯಾರೂ ಕೊಳ್ಳುವುದಿಲ್ಲ. ಸ್ಥಾವರ ಸುಮ್ಮನಿರುತ್ತದೆ, ದಕ್ಷಿಣದ ಎರಡು ಓಡುತ್ತವೆ, ಎಣ್ಣೆಯ ಹೊಗೆ ಏಳುತ್ತದೆ. ನಿನ್ನೆಗೂ ನಾಳೆಗೂ ಒಂದು ಕಿಡಿಯ ವ್ಯತ್ಯಾಸವೂ ಇರುವುದಿಲ್ಲ. ಒಂದೇ ವ್ಯತ್ಯಾಸ, ಸುಳ್ಳು ಪ್ರಕಟಣೆಯ ಕೆಳಗೆ ಅವಳ ಹೆಸರಿರುವುದಿಲ್ಲ.

"ಯಾರೂ ಕೊಳ್ಳಲ್ಲ ಇದನ್ನ," ಎಂದಳು.

"ಅದು ಮಾರುಕಟ್ಟೆ ಹೇಳೋ ಮಾತು, ನಾವಲ್ಲ."

ತನ್ನ ಮೇಜಿಗೆ ಬಂದು ಕೂತಾಗ ಹನ್ನೊಂದೂ ನಲವತ್ತು. ಪರದೆಯ ಮೇಲೆ ನಾಳೆಯ ಗಂಟೆಗಳು ಒಂದರ ಕೆಳಗೊಂದು ಖಾಲಿಯಾಗಿ ನಿಂತಿದ್ದವು. ಅವಳು ಬೇಕಾದರೆ ನಿಜವಾದ ಬೆಲೆಯನ್ನೇ ಹಾಕಬಹುದಿತ್ತು, ಚೂರಿನ ಖರ್ಚು, ಬೂದಿಯ ಖರ್ಚು, ಅಷ್ಟೇ. ಹನ್ನೆರಡಾದ ಮೇಲೆ ಯಾರೂ ಅದನ್ನು ಹಿಂದಕ್ಕೆ ಪಡೆಯಲಾರರು. ನಾಳೆ ಒಂದು ದಿನ ಬೆಂಕಿ ಉರಿಯುತ್ತಿತ್ತು; ನಾಡಿದ್ದಿನಿಂದ ಈ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಅದೇ ಸಂಖ್ಯೆ ಹಾಕುತ್ತಿದ್ದರು. ನಾಳೆ ಒಂದು ದಿನವಾದರೂ, ಎಂದು ಒಳಗೆ ಏನೋ ಹೇಳಿತು. ಅದಕ್ಕೆ ಅವಳು, ನಾಳೆ ಒಂದು ದಿನದಿಂದ ಏನಾದೀತು, ಎಂದು ಉತ್ತರ ಕೊಟ್ಟಳು. ಕೊಟ್ಟ ಉತ್ತರದಲ್ಲಿ ಟೋರ್ಕಿಲನ ಮೃದು ದನಿ ಕೇಳಿಸಿತು. ಮೊದಲು ಪ್ರಕಟಣೆಯನ್ನು ಹಿಂತೆಗೆದಳು. 'ಸ್ಥಾವರ ಲಭ್ಯವಿದೆ' ಎಂದು ಬರೆದಾಗ ಮೂರು ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದುದು ಜಾರಿ ಕೆಳಗಿಳಿದಂತಾಯಿತು. ಎಷ್ಟು ಹಾಯಾಗಿತ್ತೆಂದರೆ ಹಸಿವಾಯಿತು. ಆ ಹಸಿವಿನಲ್ಲೇ ಚೂರು ಕಾಗದದ ಸಂಖ್ಯೆಯನ್ನು ಮೊದಲ ಗಂಟೆಗೆ ಬರೆದಳು, ಎರಡನೇ ಗಂಟೆಗೆ ಬರೆದಳು, ಉಳಿದವಕ್ಕೆ ಎಳೆದು ತುಂಬಿದಳು. ಕಳಿಸು ಎಂಬುದನ್ನು ಒತ್ತಿದ ಮೇಲೆ ಅವಳಿಗೆ ತಿಳಿಯಿತು, ಇಷ್ಟು ದಿನ ತಾನು ಹೆದರಿದ್ದು ತನ್ನ ಹೆಸರಿಗೆ ಮಾತ್ರ ಎಂದು. ತಿಳಿದಾಗ ಬುತ್ತಿಯಿಂದ ತೆಗೆದ ಬ್ರೆಡ್ಡು ಬಾಯಲ್ಲಿತ್ತು, ಅದನ್ನು ಅಗಿದು ನುಂಗಿದಳು.

ಗೇಟಿನ ಬಳಿ ಕಾರು ಬಂದು ನಿಂತದ್ದು ಹನ್ನೆರಡೂ ಹತ್ತಕ್ಕೆ. ಅವಳು ಸ್ವೆಟರಿನಲ್ಲೇ ಇಳಿದು ಓಡಿದಳು. ಅಪ್ಪ ಎರಡೂ ಕೈಯಲ್ಲಿ ಎಣ್ಣೆ ಕಾಗದದ ಪೊಟ್ಟಣವನ್ನು ಎದೆಗೊತ್ತಿ ಹಿಡಿದಿದ್ದ. ಅವನ ಮೂಗು ಕೆಂಪಾಗಿ, ಕಣ್ಣು ಹೊಳೆಯುತ್ತಿದ್ದವು.

"ಬೇಕಾಗಿಲ್ಲಪ್ಪ," ಎಂದಳು. "ಪಂಪು ಸರಿಹೋಯ್ತು."

"ಸರಿಹೋಯ್ತಾ!" ಅಪ್ಪ ಸ್ವೆನ್ನಿಂಗನತ್ತ ತಿರುಗಿದ. "ಕೇಳಿದ್ಯೇನೋ? ನಮ್ಮ ಹುಡುಗರು ಸರಿಮಾಡಿಬಿಟ್ಟರು."

ಸ್ವೆನ್ನಿಂಗ್ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಕೂತೇ ಇದ್ದ. ದಪ್ಪ ಕನ್ನಡಕದೊಳಗಿಂದ ಅವನು ಮರದ ಬಾಯ್ಲರಿನ ಹೊಗೆಯಿಲ್ಲದ ಎತ್ತರದ ಚಿಮಣಿಯನ್ನು ನೋಡಿದ. "ಸರಿಹೋಗಿದ್ರೆ ಬೆಂಕಿ ಯಾಕೆ ಹಾಕಿಲ್ಲ?"

"ಹರಾಜಿಗೆ ಕಳಿಸಿದ್ದೀವಿ. ಯಾರಾದ್ರೂ ಕೊಂಡರೆ ಹಾಕ್ತೀವಿ."

"ಈ ಚಳೀಲಿ ಕರೆಂಟು ಕೊಳ್ಳದೆ ಇರ್ತಾರೇನು? ಎಷ್ಟಕ್ಕೆ ಕೇಳಿದ್ದೀರಿ?"

ಉತ್ತರ ಅವಳ ನಾಲಿಗೆಯ ಮೇಲಿತ್ತು, ಒಂದು ಸಂಖ್ಯೆ, ಅಷ್ಟೇ. ಸ್ವೆನ್ನಿಂಗನಿಗೆ ಲೆಕ್ಕ ಬರುತ್ತದೆ. ಸಂಖ್ಯೆ ಕೇಳಿದರೆ ಅವನಿಗೆ ಬೇರೇನೂ ಹೇಳಬೇಕಾಗಿರಲಿಲ್ಲ. "ಅದು ಹೊರಗೆ ಹೇಳೋ ಹಾಗಿಲ್ಲ," ಎಂದಳು.

"ಅವಳನ್ನ ಯಾಕೋ ಪೀಡಿಸ್ತೀಯ?" ಎಂದ ಅಪ್ಪ. "ಬೆಲೆ ಹಾಕೋರು ಮೇಲಿನೋರು. ಇವಳು ಹೇಳಿದ್ದನ್ನ ಬರೆಯೋಳು. ಹೋಗೇ ನೀನು ಒಳಗೆ, ತುಟಿ ನೀಲಿಯಾಗಿದೆ. ನಾವು ಇಲ್ಲೇ ಇರ್ತೀವಿ."

"ಯಾಕೆ?"

"ಯಾಕೆ ಅಂದ್ರೆ? ರಿಪೇರಿ ಆದ್ಮೇಲೆ ಮೊದಲ ಹೊಗೆ ನೋಡದೆ ನಾವು ಯಾವತ್ತಾದ್ರೂ ಮನೆಗೆ ಹೋಗಿದ್ದುಂಟಾ? ಫ್ಲಾಸ್ಕಿನಲ್ಲಿ ಕಾಫಿ ಇದೆ."

"ಅದು ನಾಳೆಯ ಹರಾಜಪ್ಪ, ಇವತ್ತು ಏನೂ..."

"ನಾಳೆ ಓಡಬೇಕಾದ್ರೆ ಇವತ್ತೇ ಬಿಸಿ ಮಾಡೋಕೆ ಶುರು ಮಾಡ್ಬೇಕು. ನನಗೆ ಹೇಳಿಕೊಡ್ತೀಯಾ?" ಅಪ್ಪ ನಕ್ಕು, ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡ.

ಹನ್ನೆರಡೂ ಮುಕ್ಕಾಲಿಗೆ ಹರಾಜಿನ ಫಲಿತಾಂಶ ಬಂತು. ಈ ಸ್ಥಾವರದ ಹೆಸರಿನ ಮುಂದೆ ನಾಳೆಯ ಎಲ್ಲ ಗಂಟೆಗೂ ಸೊನ್ನೆ. ಟೋರ್ಕಿಲ್ ತನ್ನ ಬಾಗಿಲಿನಿಂದ ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿ, ಯಾರೊಂದಿಗೋ ಫೋನಿನಲ್ಲಿ ಮಾತು ಮುಂದುವರಿಸಿದ. ಅವಳು ಕಿಟಕಿಗೆ ಹೋದಳು. ಕಾರಿನ ಗಾಜು ಉಸಿರಿನಿಂದ ಮಂಜಾಗಿತ್ತು. ಅಪ್ಪ ತೋಳಿನಿಂದ ಒಂದು ದುಂಡನೆಯ ಜಾಗ ಒರೆಸಿಕೊಂಡು, ಅದರೊಳಗಿಂದ ಚಿಮಣಿಯ ತುದಿಯನ್ನು ನೋಡುತ್ತಿದ್ದ. ಇಳಿದು ಹೋಗಿ ಹೇಳಬೇಕು, ಮನೆಗೆ ಹೋಗಿ ಅಪ್ಪ, ಇವತ್ತು ಏನೂ ಆಗಲ್ಲ, ಎಂದು. ಯಾಕೆ ಎಂದು ಅವನು ಕೇಳುತ್ತಾನೆ. ಎರಡು ಗಂಟೆಗೆ ಇಳಿಯುತ್ತೇನೆ ಅಂದುಕೊಂಡಳು. ಎರಡೂವರೆಗೆ ಒರೆಸಿದ ಜಾಗ ಮತ್ತೆ ಮಂಜಾಯಿತು, ಅಪ್ಪನ ತೋಳು ಬಂದು ಮತ್ತೆ ಒರೆಸಿತು. ಮೂರರ ಹೊತ್ತಿಗೆ ಬೆಳಕು ಬೂದಿಯಾಗತೊಡಗಿತು. ಅಪ್ಪನಿಗೆ ಕಿಟಕಿಯಲ್ಲಿ ಅವಳ ಮುಖ ಕಂಡಿರಬೇಕು. ಗಾಜು ಇಳಿಸಿ, ಕೈ ಹೊರಗೆ ಹಾಕಿ, ಅವಸರವೇನಿಲ್ಲ, ನಿಧಾನವಾಗಿ ಮಾಡಿ ಎನ್ನುವಂತೆ ಬೀಸಿದ. ಅವಳೂ ಕೈ ಬೀಸಿದಳು.